ಪುಪ್ಪುಸಕ್ಕೆ ಹಿಡಿವ ಬೂಷ್ಟು

ಮಳೆಗಾಲದಲ್ಲಿ ಉಪ್ಪಿನಕಾಯಿಯ ಭರಣಿಗೆ ಬೂಷ್ಟು ಹಿಡಿಯುವುದನ್ನು ಕಾಣದ ಗೃಹಿಣಿಯಿಲ್ಲ. ಅದೇ ಶಿಲೀಂಧ್ರ ಕುಲದ ಜೀವಿಯೊಂದು ಮನುಷ್ಯನ ಪುಪ್ಪುಸದಲ್ಲಿಯೂ ಬೀಡುಬಿಡಬಲ್ಲುದೆಂದರೆ ವಾಚಕರಿಗೆ ಅಚ್ಚರಿಯಾದೀತು. ನ್ಯೂಮೋಸಿಸ್ಟಿಸ್ ಎಂಬುದು ಅದರ ಹೆಸರು. ನಮ್ಮಲ್ಲಿ ಬಹುಮಂದಿಗೆ ಬಾಲ್ಯದಲ್ಲಿಯೇ ಅದರ ಸೋಂಕು ತಗಲಿರುತ್ತದೆ. ಆದರೂ ನಮಗೆ ಅದರ ಅರಿವೇ ಇರುವುದಿಲ್ಲ. ರಕ್ತದಲ್ಲಿರುವ ಬಿಳಿಯ ಕಣಗಳು ಅದನ್ನು ತಲೆಯೆತ್ತಗೊಡುವುದಿಲ್ಲ.

1981ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದಿಂದ ಅಪರೂಪದ ಔಷಧಿಗಳನ್ನು ಕಳುಹಿಸುವ ಕೆಲಸದಲ್ಲಿದ್ದ ಸಾಂಡ್ರಾ ಫೋರ್ಡ್ ಎಂಬ ಮಹಿಳೆ ಒಂದು ವಿಚಿತ್ರವನ್ನು ಗಮನಿಸಿದರು. ಈ ಶಿಲೀಂಧ್ರದ ಬೇನೆಗೆ ಕೊಡುವ ಪೆಂಟಮಿಡೀನ್ ಮದ್ದಿಗೆ ಬೇಡಿಕೆ ಏರುತ್ತಿತ್ತು. ಅದುವರೆಗೆ ಅದು ಬೇಕಾಗುತ್ತಿದ್ದುದು ಕ್ಯಾನ್ಸರಿನಂತಹ ಕಾಯಿಲೆಗಳಿಂದ ಜೀರ್ಣರಾದವರಿಗೆ. ಈಗ ವೈದ್ಯರು ಕೇಳುತ್ತಿದ್ದುದು ಹರೆಯದ ಯುವಕರಿಗಾಗಿ! ಅದೇ ಜೂನ್ 5ರಂದು ಲಾಸ್ ಏಂಜಲೀಸಿನ ಇಂತಹ ಐವರು ತರುಣರ ವೃತ್ತಾಂತ ಆ ಕೇಂದ್ರದ ವಾರಪತ್ರದಲ್ಲಿ ಅಚ್ಚಾಯಿತು. ಆ ವೇಳೆಗೆ ಇಬ್ಬರು ತೀರಿಕೊಂಡಿದ್ದರು. ಏಡ್ಸ್ ಎಂದು ಮುಂದೆ ಹೆಸರಾದ ವ್ಯಾಧಿಯ ಪ್ರಥಮ ವರದಿ ಅದೇ.

ಎಚ್.ಐ.ವಿ. ವೈರಾಣು ಕೆಡಿಸುವುದು ಸಿ.ಡಿ.4 ಎಂಬ ಬಿಳಿಯ ಕಣಗಳನ್ನು. ಆರೋಗ್ಯವಂತರಲ್ಲಿ ಘನ ಮಿಲಿಮೀಟರ್ ರಕ್ತಕ್ಕೆ ಸಾಮಾನ್ಯವಾಗಿ 500ಕ್ಕೂ ಮೇಲಿರುವ ಇವು 200ಕ್ಕಿಂತ ಕೆಳಗಿಳಿದರೆ ನ್ಯೂಮೋಸಿಸ್ಟಿಸಿಗೆ ಸುಗ್ಗಿ. ಒಣಕೆಮ್ಮು, ಜ್ವರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಾರಗಟ್ಟಲೆ ಮೆಲ್ಲನೆ ಬೆಳೆಯುವುದರಿಂದ ರೋಗಿ ಇದನ್ನು ಬರಿಯ ನಿಶ್ಶಕ್ತಿಯೆಂದು ಭಾವಿಸುವುದುಂಟು. ಮೊದಮೊದಲು ಎಕ್ಸ್-ರೇ ಚಿತ್ರದಲ್ಲಿಯೂ ದೋಷ ಕಾಣದಿರಬಹುದು.

ಈ ಜೀವಿಯ ಜಾತಿಯ ವಿಷಯದಲ್ಲಿ ಪಂಡಿತರೇ ಬಹುಕಾಲ ಮೋಸಹೋಗಿದ್ದರು. ಅದೊಂದು ಏಕಕೋಶ ಪ್ರಾಣಿಯೆಂಬ ನಂಬಿಕೆ 1988ರಲ್ಲಿ ಅದರ ಆರ್.ಎನ್.ಎ.ಯನ್ನು ಪರೀಕ್ಷಿಸಿದ ಮೇಲೆ ಅಳಿಯಿತು. ಆದರೂ ಶಿಲೀಂಧ್ರಗಳ ಮೇಲಿನ ಆಂಫೊಟೆರಿಸಿನ್ ಇದಕ್ಕೆ ನಾಟುವುದಿಲ್ಲ. ಆ ಮದ್ದು ಹಿಡಿಯುವ ಎರ್ಗೋಸ್ಟೆರಾಲ್ ಎಂಬ ಕೊಬ್ಬು ಇದರ ಪೊರೆಯಲ್ಲಿಲ್ಲ. ಗುಣ ಕೊಡುವುದು ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮದ್ದು. ನಿತ್ಯವೂ ಅಲ್ಪಪ್ರಮಾಣದಲ್ಲಿ ಸೇವಿಸಿದರೆ ರೋಗ ಬಾರದಂತೆಯೂ ತಡೆಯುತ್ತದೆ.

ರಕ್ತಕ್ಕೆ ತಗಲುವ ಪೆಟ್ಟು ಇಷ್ಟಕ್ಕೇ ಮುಗಿಯುವುದಿಲ್ಲ. ವೈರಾಣುವಿನ ದೆಸೆಯಿಂದ ಕೆಂಪುಕಣ ಕುಗ್ಗಿ ಮೈ ಬಿಳಿಚಿಕೊಳ್ಳುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ತಗ್ಗಿ ಒಸಡಿನಲ್ಲಿ ನೆತ್ತರು ಜಿನುಗುವುದುಂಟು. ವಿಪರ್ಯಾಸವೆಂದರೆ ಮದ್ದೂ ಇದಕ್ಕೆ ಕೈಗೂಡಿಸಬಹುದು. 1987ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಜಿಡೊವುಡೀನ್, ಎಚ್.ಐ.ವಿ.ಗೆ ದೊರೆತ ಮೊದಲ ಔಷಧಿ, ಮೂಳೆಯ ಮಜ್ಜೆಯನ್ನು ಕುಗ್ಗಿಸಿ ರಕ್ತಹೀನತೆಯನ್ನು ತರಬಲ್ಲುದು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದಿನ ಚಿಕಿತ್ಸೆಯಲ್ಲಿ ಜಿಡೊವುಡೀನೂ ಇತ್ತು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೋಟ್ರೈಮಾಕ್ಸಜೋಲೂ ರಕ್ತಕಣಗಳನ್ನು ತಗ್ಗಿಸಬಹುದು. ಮತ್ತೆ ಮತ್ತೆ ರಕ್ತಪರೀಕ್ಷೆ ಹೇಳುವುದು ಹಣ ಕೀಳುವ ಹಂಚಿಕೆಯೆಂದು ಗೊಣಗುವ ಬಂಧುಗಳು ಇದನ್ನು ಅರಿಯಬೇಕು.

ಇಂದು ರೂಢಿಯಲ್ಲಿರುವ ಡೊಲುಟೆಗ್ರಾವಿರ್ ಕೂಡಿದ ಮಾತ್ರೆಯಿಂದ ಮಜ್ಜೆಗೆ ಆ ಬಗೆಯ ಬಾಧೆಯಿಲ್ಲ. ಹೀಗಿದ್ದೂ ಉಸಿರುಗಟ್ಟಿದ ಮೇಲೆಯೇ ಆಸ್ಪತ್ರೆ ಸೇರುವವರು ಇದ್ದಾರೆ. ನೆರೆಹೊರೆಯವರ ಬಾಯಿಗೆ ಅಂಜಿ ಪರೀಕ್ಷೆಯನ್ನೇ ಮುಂದೂಡುವವರಲ್ಲಿ ನಮ್ಮಂತಹ ಸಭ್ಯ ಕುಟುಂಬದವರೂ ಉಂಟು. ಒಂದೇ ತಟ್ಟೆಯಲ್ಲಿ ಉಂಡರೆ ಎಚ್.ಐ.ವಿ. ಅಂಟುವುದಿಲ್ಲ. ಬೇಗ ಚಿಕಿತ್ಸೆಗೆ ತೊಡಗಿದವರಲ್ಲಿ ಸಿ.ಡಿ.4 ಸಾಮಾನ್ಯವಾಗಿ ಅಷ್ಟು ಕೆಳಗಿಳಿಯುವುದೇ ಇಲ್ಲ. ಇಳಿದದ್ದು ಮತ್ತೆ ಏರಿ ಕೆಲವು ತಿಂಗಳು ಸ್ಥಿರವಾಗಿ ನಿಂತರೆ ಕೋಟ್ರೈಮಾಕ್ಸಜೋಲನ್ನು ವೈದ್ಯರೇ ನಿಲ್ಲಿಸುತ್ತಾರೆ. ವೈರಾಣುವಿನ ಮದ್ದನ್ನು ಮಾತ್ರ ಜೀವಾವಧಿ ಸೇವಿಸಬೇಕು.