ಮಾರ್ರಿ, ಆದ್ರೆ ಮುರೀಬ್ಯಾಡ್ರಿ!
ಹೊಸಪೇಟೆ ಷೆಡ್ಡಿನಲ್ಲಿ 1948ರ ಎಂಜಿ ಕಾರು * ಕಾರು ಇಲ್ಲಿ, ಕಾಗದ ಕಂಪ್ಲಿಯಲ್ಲಿ * ನಡುವೆ ಒಬ್ಬ ದಲ್ಲಾಳಿ

ಹೊಸಪೇಟೆ: ಊರಿನಿಂದ ಸಂಡೂರು ಕಡೆ ಹೋಗುವ ರಸ್ತೆ. ಅದಿರು ಲಾರಿಗಳ ಧೂಳು ಕುಡಿದು ಕುಡಿದು ತಗಡೆಲ್ಲ ಕೆಂಪಗಾದ ಒಂದು ಷೆಡ್ಡು. ಹೊರಗಿನಿಂದ ನೋಡಿದವರು ಗುಜರಿಯವರ ಗೋಡೌನು ಅಂದುಕೊಂಡು ಮುಂದೆ ಹೋಗುತ್ತಾರೆ. ಒಳಗೆ ಗೋಣಿಚೀಲ, ಮುರಿದ ತೊಟ್ಟಿಲು, ಕೆಟ್ಟುಹೋದ ಕೂಲರು. ಇವುಗಳ ನಡುವೆ ತಾಡಪತ್ರಿ ಹೊದ್ದು ಒಂದು ಕಾರು ನಿಂತಿದೆ. ಎರಡೇ ಸೀಟು. ತಗಡಿನ ಮಾಡು ಇಲ್ಲ, ಮಡಚುವ ಬಟ್ಟೆ ಟಾಪು ಇತ್ತಂತೆ, ಅದನ್ನು ಇಲಿ ತಿಂದಿದೆ. ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿ. ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆ, ಅದರೊಳಗೆ ಎರಡೇ ಅಕ್ಷರ: ಎಂಜಿ.

ಈ ಕಾರು ಮಾರಾಟಕ್ಕಿದೆ. ಕಾರು ಮಾರೋದೇನು ದೊಡ್ಡ ಸುದ್ದಿಯೇನ್ರೀ ಎಂದು ಓದುಗರು ಕೇಳಬಹುದು. ಸ್ವಲ್ಪ ತಡೆಯಿರಿ. ಇದನ್ನು ಬಿಚ್ಚಿ, ಇಂಜಿನ್ ಒಬ್ಬರಿಗೆ, ಐದು ಚಕ್ರ ಇನ್ನೊಬ್ಬರಿಗೆ, ಉಳಿದದ್ದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ವ್ಯವಹಾರ ಮುಗಿಯುವ ಹಂತಕ್ಕೆ ಬಂದಿತ್ತು. ತಪ್ಪಿಸಿದ್ದು ಕಂಪ್ಲಿಯ ಒಬ್ಬ ಹೆಣ್ಣುಮಗಳು.

ಸಂಡೂರಿನ ಸಾಹೇಬರ ಗಾಡಿ

ಮನೆಯವರು ಹೆಸರು ಹಾಕಬೇಡಿ ಎಂದು ಕೈಮುಗಿದು ಕೇಳಿದ್ದಾರೆ, ಹಾಕಿಲ್ಲ. ಅವರು ಹೇಳುವ ಕತೆ ಇಷ್ಟು. ತಂದೆ ಸಂಡೂರಿನ ಗಣಿಯೊಂದರ ಲಾರಿ ವರ್ಕ್‌ಷಾಪಿನಲ್ಲಿ ಫಿಟ್ಟರು. ಅಲ್ಲಿದ್ದ ಸಾಹೇಬರೊಬ್ಬರು ಊರಿಗೆ ಹೋಗುವಾಗ ತಮ್ಮ ಕಾರನ್ನು ಇವರಿಗೆ ಕಡಿಮೆ ದುಡ್ಡಿಗೆ ಕೊಟ್ಟರು. ಸಂಡೂರಿನ ಘಾಟಿಯಲ್ಲಿ ಈ ಕಾರು ಬಂದರೆ ಹುಡುಗರು ಹಿಂದೆ ಓಡುತ್ತಿದ್ದರಂತೆ. ಡ್ಯಾಂ ನೋಡಲು ಹೊಸಪೇಟೆಗೆ, ಜಾತ್ರೆಗೆ ಹಂಪಿಗೆ, ಮಗಳ ಗಂಡಿನ ಮನೆ ನೋಡಲು ಕಂಪ್ಲಿಗೆ, ಎಲ್ಲ ಕಡೆ ಇದೇ ಕಾರು. ಕೊನೆಗೆ ಟೈರು ಸಿಗದೆ ನಿಂತಿತು. ನಿಂತು ನಲವತ್ತು ವರ್ಷದ ಮೇಲಾಯಿತು.

ತಂದೆ ತೀರಿಕೊಂಡರು. ಉಳಿದವರು ಇಬ್ಬರು ಗಂಡುಮಕ್ಕಳು, ಇಬ್ಬರೂ ಹೊಸಪೇಟೆಯಲ್ಲಿ. ಅಕ್ಕ ಕಂಪ್ಲಿಯಲ್ಲಿ. ಅಣ್ಣನಿಗೆ ಮೊಣಕಾಲು ಆಪರೇಷನ್ ಆಗಬೇಕು. ತಮ್ಮನ ಮಗನ ಅಂಗಡಿ ಮೇಲೆ ಸಾಲ ಇದೆ. ಷೆಡ್ಡಿನ ಜಾಗವನ್ನೂ ಖಾಲಿ ಮಾಡಿಕೊಡಬೇಕು. ಹೀಗಿರುವಾಗ ದಲ್ಲಾಳಿ ಬಂದ.

‘ಹಳೇ ಕಬ್ಬಿಣ ಯಜಮಾನ್ರೆ, ಹದಿನೈದು ವರ್ಷ ಆದ ಗಾಡಿ ಸರ್ಕಾರದವರೇ ಎತ್ತಿಕೊಂಡು ಹೋಗ್ತಾರೆ, ನೀವು ಇಟ್ಕೊಂಡು ಏನ್ಮಾಡ್ತೀರಿ?’ ಎಂದ. ಇಬ್ಬರಿಗೂ ಒಂದಿಷ್ಟು ಅಡ್ವಾನ್ಸ್ ಕೊಟ್ಟು ಛಾಪಾ ಕಾಗದಕ್ಕೆ ಸಹಿ ಹಾಕಿಸಿದ. ಪಾರ್ಟಿಗೆ ತೋರಿಸಿ ತರುತ್ತೇನೆ ಎಂದು ಎರಡು ಕಾರ್ಬುರೇಟರುಗಳಲ್ಲಿ ಒಂದನ್ನು ಬಿಚ್ಚಿಕೊಂಡು ಹೋದ.

ಹದಿನೈದು ವರ್ಷದ ಮಾತು ಪೂರ್ತಿ ಸುಳ್ಳು. ದಿಲ್ಲಿ ಸುತ್ತಮುತ್ತ ಹಳೇ ಗಾಡಿಗೆ ಬೇರೆ ಕಟ್ಟುಪಾಡು ಇದೆ, ಅದು ಆ ಕಡೆಯದು. ನಮ್ಮ ಕಡೆ ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದರೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಳ್ಳಬಹುದು. ಈ ಹೆದರಿಕೆ ಹುಟ್ಟಿಸಿ ಎಷ್ಟು ಜನರ ಗಾಡಿ ಗುಜರಿಗೆ ಹೋಗಿವೆಯೋ ದೇವರೇ ಬಲ್ಲ.

ಎಂಜಿ ಅಂದ್ರೆ ಯಾರು?

ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಒಂದು ಗ್ಯಾರೇಜಿನ ಹೆಸರೇ ಕಾರಿನ ಹೆಸರಾಯಿತು. ನಮ್ಮ ಷೆಡ್ಡಿನಲ್ಲಿರುವುದು ಟಿಸಿ ಎಂಬ ಮಾದರಿ. ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ಇದರ ತಯಾರಿ ಶುರುವಾಗಿ 1949ರಲ್ಲಿ ನಿಂತಿತು. ಆಬಿಂಗ್‌ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಿಂದ ಒಟ್ಟು ಹೊರಬಂದದ್ದು ಸುಮಾರು 10,000 ಮಾತ್ರ.

ಯುದ್ಧ ಗೆದ್ದರೂ ಇಂಗ್ಲೆಂಡು ಸಾಲದಲ್ಲಿ ಮುಳುಗಿತ್ತು. ಹೊರದೇಶಕ್ಕೆ ಮಾರುವ ಕಾರ್ಖಾನೆಗೆ ಮೊದಲು ಉಕ್ಕು ಎಂದು ಅಲ್ಲಿನ ಸರ್ಕಾರ ಹೇಳಿತು. ಹಾಗಾಗಿ ಈ ಪುಟ್ಟ ಕಾರು ಅಮೆರಿಕ, ಆಸ್ಟ್ರೇಲಿಯ ಎಂದು ಊರೂರು ಸುತ್ತಿತು. ನಮ್ಮ ದೇಶಕ್ಕೂ ಕೆಲವು ಬಂದವು. 1950ರ ದಶಕದಲ್ಲಿ ಆಮದಿಗೆ ಬಿಗಿಯಾಯಿತು, ಆಮೇಲೆ ನಮ್ಮ ರಸ್ತೆಗೆ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಇವೇ ಗತಿಯಾದವು. ಹಾಗಾಗಿ ಅದಕ್ಕೂ ಮುಂಚೆ ಬಂದ ಎರಡು ಸೀಟಿನ ಕಾರಿಗೆ ಇವತ್ತು ಇಷ್ಟು ಬೆಲೆ.

ಇಂಜಿನ್ 1250 ಸಿಸಿ. ಇವತ್ತಿನ ಸಣ್ಣ ಕಾರಿನದೂ ಹೆಚ್ಚುಕಮ್ಮಿ ಅಷ್ಟೇ. ಗಂಟೆಗೆ ಸುಮಾರು 120 ಕಿಲೋಮೀಟರು ಓಡುತ್ತಿತ್ತು. ಚಕ್ರ 19 ಇಂಚು, ಹಳೇ ಬುಲೆಟ್ ಮೋಟಾರ್ ಸೈಕಲ್ಲಿನಷ್ಟೇ. ಬುಲೆಟ್ ಟೈರು ಹಾಕಿ ಓಡಿಸೋಣ ಎಂದು ಸಲಹೆ ಕೊಟ್ಟವರೂ ಇದ್ದಾರಂತೆ, ಪುಣ್ಯಕ್ಕೆ ತಂದೆ ಒಪ್ಪಲಿಲ್ಲ. ಬಾಗಿಲು ಹಿಂದುಮುಂದಾಗಿ ತೆರೆಯುತ್ತದೆ. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಬಹುದು. ಚಕ್ರಕ್ಕೆ ನಾಲ್ಕು ನಟ್ಟು ಇಲ್ಲ, ನಡುವೆ ಎರಡು ಕಿವಿಯ ಒಂದೇ ನಟ್ಟು, ಸುತ್ತಿಗೆಯಲ್ಲಿ ಹೊಡೆದು ಬಿಚ್ಚಬೇಕು. ಎಡಗಡೆಯದಕ್ಕೆ ಒಂದು ತಿರುವು, ಬಲಗಡೆಯದಕ್ಕೆ ಅದರ ಉಲ್ಟಾ. ಇದು ತಿಳಿಯದ ಒಬ್ಬ ಮೆಕ್ಯಾನಿಕ್ ಮಹಾಶಯ ಅರ್ಧ ದಿನ ಬಿಚ್ಚುತ್ತೇನೆಂದು ಹೊಡೆದು ಹೊಡೆದು ಇನ್ನಷ್ಟು ಬಿಗಿ ಮಾಡಿ ಹೋದನಂತೆ!

ಒಳಗಿನ ಗುಟ್ಟು ಇನ್ನೊಂದು. ತಗಡಿನ ಕೆಳಗೆ ಈ ಕಾರಿನ ಮೈಯ ಹಂದರ ಮರದ್ದು. ಆಶ್ ಎಂಬ ಇಂಗ್ಲಿಷ್ ಮರದ ಪಟ್ಟಿಗಳನ್ನು ಕೀಲು ಕೂಡಿಸಿ, ಅದರ ಮೇಲೆ ತಗಡು ಹೊಡೆದಿದ್ದಾರೆ. ಕಂಪ್ಲಿಯ ಅಕ್ಕನಿಗೆ ಅರ್ಥವಾದದ್ದು ಇದೇ.

ಅಕ್ಕನ ಪೆಟ್ಟಿಗೆ

ಅಕ್ಕನನ್ನು ಕೊಟ್ಟ ಮನೆಯವರು ಎತ್ತಿನ ಬಂಡಿ ಮಾಡುತ್ತಿದ್ದ ಬಡಿಗರು. ವಯಸ್ಸು ಎಪ್ಪತ್ತು ದಾಟಿದೆ. ತಮ್ಮಂದಿರು ಸಹಿ ಹಾಕಿದ ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಹೊಸಪೇಟೆಗೆ ಬಂದರು.

‘ಮಾರ್ರಿ, ನಾನು ಬ್ಯಾಡ ಅನ್ನಲ್ಲ. ನಿಮಗೂ ಕಷ್ಟ ಐತೆ. ಆದ್ರೆ ಮುರೀಬ್ಯಾಡ್ರಿ. ಗಾಲಿ ಒಬ್ರಿಗೆ, ನೊಗ ಒಬ್ರಿಗೆ ಮಾರಿದ್ರೆ ಅದನ್ನ ಬಂಡಿ ಅಂತಾರೇನಪ್ಪ? ಕಟ್ಟಿಗೆ ಅಂತಾರೆ’ ಎಂದರು.

ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಹಳೇ ಪುಸ್ತಕ ತೆಗೆದು ಇಟ್ಟರು. ಕಾರಿನ ಆರ್.ಸಿ. ಬುಕ್ಕು! ತಂದೆ ಸಾಯುವ ಮುಂಚೆ ಮಗಳ ಪೆಟ್ಟಿಗೆಯಲ್ಲಿ ಇಡಿಸಿದ್ದರು. ತಮ್ಮಂದಿರಿಗೆ ಅದು ಇರುವುದೇ ಮರೆತಿತ್ತು. ದಲ್ಲಾಳಿಯೂ ಕೇಳಿರಲಿಲ್ಲ. ಬಿಡಿಭಾಗ ಮಾರುವವನಿಗೆ ಬುಕ್ಕು ಯಾಕೆ ಬೇಕು?

ಈ ವರದಿಗಾರ ಟಾರ್ಚು ಹಿಡಿದು ನೋಡಿದ. ಬುಕ್ಕಿನಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು, ಕಾರಿನ ಮೇಲಿರುವ ನಂಬರು ಒಂದೇ. ಅಂದ ಹಾಗೆ, ಟಿಸಿ ಕಾರುಗಳ ನಂಬರು ಒಂದರಿಂದ ಶುರುವಾಗದೆ 0251ರಿಂದ ಶುರು. ಯಾಕೆಂದರೆ ಆಬಿಂಗ್‌ಡನ್ ಕಾರ್ಖಾನೆಯ ಟೆಲಿಫೋನ್ ನಂಬರು 251!

ಬುಕ್ಕಿನ ಮೊದಲ ಮೊಹರು ಮದ್ರಾಸು ಸರ್ಕಾರದ್ದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ ಎಂಬ ಹೆಸರು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಾರು ಮಾತ್ರ ಅದೇ ಕಾರು.

ಕಾನೂನು ಏನು ಹೇಳುತ್ತದೆ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಎಂದು ಬರುತ್ತದೆ. ಇಂಥ ಕಾರನ್ನು ದಿನಾ ಸಂತೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ಮಾರುವುದಕ್ಕೆ ಅಡ್ಡಿ ಇಲ್ಲ, ಮಾರಿದವರೂ ಕೊಂಡವರೂ ಸಾರಿಗೆ ಇಲಾಖೆಗೆ ತಿಳಿಸಬೇಕು.

ಮುಖ್ಯ ಷರತ್ತು ಒಂದಿದೆ. ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಇಂಜಿನ್ ಬದಲಾಗಿದ್ದರೆ ವಿಂಟೇಜ್ ಅಲ್ಲ. ಅಂದರೆ ದಲ್ಲಾಳಿ ಇಂಜಿನ್ ಬಿಚ್ಚಿ ಒಯ್ದಿದ್ದರೆ ಉಳಿಯುತ್ತಿದ್ದದ್ದು ಅಕ್ಕ ಹೇಳಿದ ಕಟ್ಟಿಗೆಯೇ!

ಇನ್ನೊಂದು ಮಾತು. ತಂದೆಯ ಹೆಸರಿನ ಗಾಡಿಯನ್ನು ಮಕ್ಕಳು ನೇರವಾಗಿ ಮಾರಲು ಬರುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ನಮೂನೆ 31. ಹೆಣ್ಣುಮಗಳೂ ವಾರಸುದಾರಳು, ಆಕೆಯ ಒಪ್ಪಿಗೆ ಇಲ್ಲದೆ ಹಾಕಿದ ಸಹಿಯನ್ನು ನಂಬಿ ದುಡ್ಡು ಕೊಡುವವನು ಕೋರ್ಟಿಗೆ ಅಲೆಯಬೇಕಾಗುತ್ತದೆ. ಬುಕ್ಕು ಕಳೆದವರು ಸಾರಿಗೆ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಹಾಕಬಹುದು. ಹಳೇ ಹೆರಾಲ್ಡ್, ಫಿಯಟ್, ಜಾವಾ ಬೈಕು ಮನೆಯಲ್ಲಿಟ್ಟುಕೊಂಡಿರುವ ಅಂಗಡಿಕಾರ ಮಿತ್ರರು ಇದನ್ನು ಗಮನಿಸುವುದು ಒಳ್ಳೆಯದು.

ಯಾರು ಕೊಳ್ಳುತ್ತಾರೆ?

ಸುದ್ದಿ ಹಬ್ಬಿದ ಮೇಲೆ ಷೆಡ್ಡಿಗೆ ಜನ ಬರುತ್ತಿದ್ದಾರೆ. ಹಂಪಿಗೆ ಬಂದಿದ್ದ ಪರದೇಶದವನೊಬ್ಬ ಬಾಡಿಗೆ ಮೊಪೆಡ್‌ನಲ್ಲಿ ಬಂದು ಗಂಟೆಗಟ್ಟಲೆ ನೋಡಿ, ಎಂಟು ಮೂಲೆಯ ಬಿಲ್ಲೆ ಒಂದನ್ನೇ ಕೊಡ್ತೀರಾ ಎಂದನಂತೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನೋಡಿ ಬಂದವನು ರಥದ ಒಂದು ಗಾಲಿ ಕೇಳಿದ ಹಾಗಾಯಿತು! ಅಣ್ಣ ನಕ್ಕು ಚಹಾ ಕುಡಿಸಿ ಕಳಿಸಿದರು.

ಇಡೀ ಕಾರನ್ನು ಕೊಳ್ಳುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ಹಳೇ ಕಾರಿನ ಷೋಕಿಯವರಿದ್ದಾರೆ. ಧರ್ಮಸ್ಥಳದಲ್ಲಿ ಹಳೇ ಕಾರುಗಳನ್ನು ಇಟ್ಟು ಕಾಪಾಡಿದ್ದಾರೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂಬ ಕಾರು ಮ್ಯೂಸಿಯಮ್ಮೇ ಇದೆ. ಇನ್ನೂ ಹತ್ತಿರದ ನಂಟೊಂದಿದೆ. ಎಂಜಿ ಎಂಬ ಹೆಸರು ಕೈ ಬದಲಾಯಿಸುತ್ತ ಚೀನಾದ ಕಂಪನಿಗೆ ಹೋಯಿತು. ಅದರ ಭಾರತದ ಶಾಖೆಯಲ್ಲಿ ಪಾಲು ಪಡೆಯಲು 2023ರಲ್ಲಿ ಒಪ್ಪಂದ ಮಾಡಿಕೊಂಡವರು ಯಾರು ಗೊತ್ತೇ? ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇಟ್ಟಿರುವ ಜೆಎಸ್‌ಡಬ್ಲ್ಯು, ನಮ್ಮ ಜನರ ಬಾಯಲ್ಲಿ ಜಿಂದಾಲ್! ಎಪ್ಪತ್ತು ವರ್ಷ ಹಿಂದೆ ಸಂಡೂರಿನಲ್ಲಿ ಓಡಾಡಿದ ಎಂಟು ಮೂಲೆಯ ಬಿಲ್ಲೆ ಸುತ್ತಿ ಬಳಸಿ ಸಂಡೂರು ತಾಲ್ಲೂಕಿಗೇ ನಂಟಾಯಿತು. ಈ ಕಾರು ಈ ಸೀಮೆಯಲ್ಲೇ ನಾಲ್ಕು ಜನ ನೋಡುವ ಕಡೆ ನಿಲ್ಲಲಿ ಎನ್ನುವುದು ಅಕ್ಕನ ಆಸೆ. ತಮ್ಮಂದಿರ ಆಸೆ ಆಪರೇಷನ್ನು, ಸಾಲ ತೀರಲಿ ಎಂದು. ಎರಡೂ ನ್ಯಾಯವೇ.

ದರ ಬರೆಯಬೇಡಿ ಎಂದಿದ್ದಾರೆ, ಬರೆದಿಲ್ಲ. ಅಡ್ವಾನ್ಸ್ ಹಣವನ್ನು ಅಕ್ಕ ತಮ್ಮ ಬಳೆ ಅಡವಿಟ್ಟು ದಲ್ಲಾಳಿಗೆ ವಾಪಸು ಕೊಟ್ಟಿದ್ದಾರೆ, ರಸೀದಿ ಇದೆ. ಕಾರ್ಬುರೇಟರ್ ಮಾತ್ರ ಇನ್ನೂ ವಾಪಸು ಬಂದಿಲ್ಲ. ಫೋನು ಮಾಡಿದರೆ ‘ನಾಳೆ’ ಎನ್ನುತ್ತಾನೆ.

ಸ್ವಾಮಿ ದಲ್ಲಾಳಿಗಳೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆ ಎಂದು ನಮಗೆ ಗೊತ್ತು. ಷೆಡ್ಡಿಗೆ ಹೋಗಲು ಮುಖ ಇಲ್ಲದಿದ್ದರೆ ನಮ್ಮ ಕಚೇರಿ ಬಾಗಿಲಲ್ಲಿ ಇಟ್ಟು ಹೋಗಿ. ಹೆಸರು ಕೇಳುವುದಿಲ್ಲ.