ನಿಮಗಿದು ಗೊತ್ತೇ? ಡಾಕ್ಟರೂ ಅವರೇ, ಸಂಶೋಧಕರೂ ಅವರೇ

ಅಮೆರಿಕದಲ್ಲಿ ವೈದ್ಯರಾಗಲು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಮುಗಿಸಬೇಕು, ಎಂ.ಡಿ. ಏನಿದ್ದರೂ ಆಮೇಲೆ. ಈ ಎಂ.ಡಿ. ಜೊತೆಗೇ ಪಿಎಚ್.ಡಿ.ಯನ್ನೂ ಮಾಡುವ ಜೋಡಿ ಕೋರ್ಸ್ ಅಲ್ಲಿದೆ. ಎರಡೂ ಸೇರಿ ಸುಮಾರು 8 ವರ್ಷ.

ಎರಡು ವರ್ಷ ವೈದ್ಯಕೀಯ ಪಾಠ, ನಾಲ್ಕು ವರ್ಷದಷ್ಟು ಪ್ರಯೋಗಾಲಯ, ಮತ್ತೆರಡು ವರ್ಷ ಆಸ್ಪತ್ರೆಯ ವಾರ್ಡು. ಇದು ಹೆಚ್ಚಿನ ಕಡೆ ಇರುವ ಕ್ರಮ. ಲ್ಯಾಬ್ ಮುಗಿಸಿ ವಾರ್ಡಿಗೆ ಬರುವ ಹೊತ್ತಿಗೆ ಜೊತೆಯಲ್ಲಿ ಸೇರಿದ ಗೆಳೆಯರು ರೆಸಿಡೆಂಟ್ ಡಾಕ್ಟರುಗಳಾಗಿರುತ್ತಾರೆ. ಇವರು ಇನ್ನೂ ವಿದ್ಯಾರ್ಥಿಗಳೇ. ಸೇರುವ ಮೊದಲು ಮನೆಯವರೊಂದಿಗೆ ಕೂತು ಮಾತಾಡಬೇಕಾದ ಸಂಗತಿ ಇದು.

ಇಷ್ಟು ವರ್ಷ ಓದಿಸುವವರು ಯಾರು? ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಿಂದ ಇದಕ್ಕಾಗಿಯೇ ಅನುದಾನ ಕೊಡುತ್ತಿದೆ. ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು, ನ್ಯೂಯಾರ್ಕ್ ವಿಶ್ವವಿದ್ಯಾಲಯ, ನಾರ್ತ್‌ವೆಸ್ಟರ್ನ್ ಮೊದಲು ಪಡೆದ ಮೂರು ಸಂಸ್ಥೆಗಳು. ಅನುದಾನವಿರುವ ಕಡೆ ಬೋಧನಾ ಶುಲ್ಕವಿಲ್ಲ, ಮೇಲಾಗಿ ಜೀವನ ವೆಚ್ಚಕ್ಕೆ ಸ್ಟೈಪೆಂಡ್ ಸಿಗುತ್ತದೆ. ವೈದ್ಯಕೀಯ ಓದಿನ ಸಾಲ ಎಷ್ಟು ಭಾರವೆಂದು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಇಂಥ ಕೋರ್ಸಿನ ಆರಂಭದ ವಿದ್ಯಾರ್ಥಿಗಳಲ್ಲಿ ಫೆರಿದ್ ಮುರಾದ್ ಒಬ್ಬರು. ಅಲ್ಬೇನಿಯಾದಿಂದ ವಲಸೆ ಬಂದ ತಂದೆ ಇಂಡಿಯಾನಾದಲ್ಲಿ ಹೋಟೆಲು ನಡೆಸುತ್ತಿದ್ದರು, ಮಗನೂ ಅಲ್ಲೇ ದುಡಿದು ಬೆಳೆದ. ಕ್ಲೀವ್‌ಲ್ಯಾಂಡಿನಲ್ಲಿ ಎರಡು ಪದವಿಗಳನ್ನೂ 1965ರಲ್ಲಿ ಪಡೆದರು. ನೈಟ್ರಿಕ್ ಆಕ್ಸೈಡ್ ರಕ್ತನಾಳವನ್ನು ಸಡಿಲಿಸುವ ಬಗೆಯನ್ನು ತೋರಿಸಿದ್ದಕ್ಕೆ 1998ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದೇ ಕೋರ್ಸಿನಲ್ಲಿ ಓದಿದ ಆಲ್‌ಫ್ರೆಡ್ ಗಿಲ್ಮನ್‌ಗೆ ಅವರಿಗಿಂತ ಮೊದಲೇ, 1994ರಲ್ಲಿ, ನೊಬೆಲ್ ಬಂದಿತ್ತು.

ಪ್ರವೇಶ ಪರೀಕ್ಷೆ ಎಂಕ್ಯಾಟ್. ಅಂಕ 472ರಿಂದ ಶುರುವಾಗಿ 528ಕ್ಕೆ ಮುಗಿಯುತ್ತದೆ, ಸೊನ್ನೆ ಬರುವ ಪ್ರಶ್ನೆಯೇ ಇಲ್ಲ! ಒಟ್ಟು 230 ಪ್ರಶ್ನೆ. ಅವುಗಳಲ್ಲಿ 53ಕ್ಕೆ ವಿಜ್ಞಾನದ ಗಂಧವೇ ಬೇಡ: ಕಲೆ, ಇತಿಹಾಸ, ತತ್ವಶಾಸ್ತ್ರದಂಥ ವಿಷಯದ ಬರಹ ಓದಿ ಉತ್ತರಿಸಬೇಕು. ಕಥೆ, ಪ್ರಬಂಧ ಓದುವ ರೂಢಿ ಇಲ್ಲಿ ಕೈಹಿಡಿಯುತ್ತದೆ.

ಅರ್ಜಿಯಲ್ಲಿ ಪ್ರಬಂಧ ಮೂರು. ವೈದ್ಯವೃತ್ತಿ ಏಕೆ ಎಂಬುದಕ್ಕೆ 5,300 ಅಕ್ಷರ, ಎರಡು ಪದವಿ ಏಕೆ ಎಂಬುದಕ್ಕೆ 3,000. ಮಾಡಿದ ಸಂಶೋಧನೆಯ ವಿವರಕ್ಕೆ ಮಾತ್ರ 10,000! ಆಯ್ಕೆ ಮಾಡುವವರ ಕಣ್ಣು ಎಲ್ಲಿದೆ ಎಂದು ಈ ಲೆಕ್ಕವೇ ಹೇಳುತ್ತದೆ. ಯಾವ ಪ್ರಶ್ನೆ ಹಿಡಿದು ಹೊರಟಿರಿ, ಅದರಲ್ಲಿ ನಿಮ್ಮ ಕೈಯಾರೆ ಆದ ಕೆಲಸ ಯಾವುದು, ಮಾರ್ಗದರ್ಶಕರು ಯಾರು, ಎಲ್ಲವನ್ನೂ ಬರೆಯಬೇಕು. ಆ ಮಾರ್ಗದರ್ಶಕರ ಶಿಫಾರಸು ಪತ್ರವೂ ಬೇಕಾಗುತ್ತದೆ.

ಹಾಗಾಗಿ ತಯಾರಿ ಎಂದರೆ ಮುಖ್ಯವಾಗಿ ಲ್ಯಾಬಿನಲ್ಲಿ ಕಳೆದ ಹೊತ್ತು. ಬೇಸಿಗೆ ರಜೆಯಲ್ಲಿ ನಾಲ್ಕು ಲ್ಯಾಬ್ ಸುತ್ತಿ ಬರುವುದಕ್ಕಿಂತ ಒಂದೇ ಕಡೆ ಎರಡು ವರ್ಷ ನಿಲ್ಲುವುದು ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ. ಏಕೆಂದರೆ ಸಂದರ್ಶನದಲ್ಲಿ ಪ್ರಾಧ್ಯಾಪಕರು ನಿಮ್ಮದೇ ಪ್ರಯೋಗವನ್ನು ಬಿಚ್ಚಿ ಕೇಳುತ್ತಾರೆ. ಜೀವಕೋಶಗಳಿಗೆ ಔಷಧಿ ಹಾಕಿದಿರಿ, ಸರಿ. ಔಷಧಿಯನ್ನು ಕರಗಿಸಿದ ದ್ರಾವಣವನ್ನಷ್ಟೇ ಬೇರೆ ಕೋಶಗಳಿಗೆ ಹಾಕಿ ನೋಡಿದಿರಾ? ನೋಡದಿದ್ದರೆ, ಕೋಶ ಸತ್ತದ್ದು ಔಷಧಿಯಿಂದಲೋ ದ್ರಾವಣದಿಂದಲೋ? ಪಿಪೆಟ್ ಹಿಡಿದು ತಾನೇ ದುಡಿದವರಿಗೆ ಉತ್ತರ ತಾನಾಗಿ ಬರುತ್ತದೆ. ಪ್ರಯೋಗ ಕೈಕೊಟ್ಟಿದ್ದರೂ ಚಿಂತೆಯಿಲ್ಲ, ಏಕೆ ಕೈಕೊಟ್ಟಿತು ಎಂದು ವಿವರಿಸಲು ಬಂದರೆ ಸಾಕು. ಪ್ರಕಟಿತ ಲೇಖನ ಇದ್ದರೆ ಒಳ್ಳೆಯದು, ಇಲ್ಲದೆಯೂ ಸೀಟು ಪಡೆದವರಿದ್ದಾರೆ.

ಪದವಿ ಮುಗಿದ ಮೇಲೆ ಒಂದೆರಡು ವರ್ಷ ಪೂರ್ಣಾವಧಿ ಸಂಶೋಧನೆ ಮಾಡಿ ಅರ್ಜಿ ಹಾಕುವವರು ಬಹಳ. ಬೆಥೆಸ್ಡಾದ ಎನ್‌ಐಎಚ್ ಆವರಣದಲ್ಲೇ ಹೊಸ ಪದವೀಧರರಿಗೆ ಸ್ಟೈಪೆಂಡ್ ಸಹಿತ ಅವಕಾಶವಿದೆ. ಆದರೆ ಅದಕ್ಕೆ ಅಮೆರಿಕದ ಪೌರತ್ವವೋ ಕಾಯಂ ವಾಸದ ಪರವಾನಗಿಯೋ ಬೇಕು. ಜೋಡಿ ಕೋರ್ಸಿನ ಎನ್‌ಐಎಚ್ ಅನುದಾನಕ್ಕೂ ಅದೇ ನಿಯಮ. ವಿದೇಶಿಯರನ್ನು ಸೇರಿಸಿಕೊಳ್ಳುವ ಕಾಲೇಜುಗಳು ಕಡಿಮೆ, ಅರ್ಜಿ ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.

ನಮ್ಮಲ್ಲಿ ಎಂ.ಡಿ. ಎಂಬುದು ಎಂಬಿಬಿಎಸ್ ಮುಗಿದ ಮೇಲಿನ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ಎಂಬ ಇಬ್ಬರು ದಾನಿಗಳ ದಂಪತಿಗಳು 425 ಕೋಟಿ ರೂಪಾಯಿ ಕೊಡುವುದಾಗಿ 2022ರಲ್ಲಿ ಪ್ರಕಟವಾಯಿತು. ಎಂ.ಡಿ.-ಪಿಎಚ್.ಡಿ. ಜೋಡಿ ಕೋರ್ಸು ಆ ಯೋಜನೆಯ ಮುಖ್ಯ ಭಾಗ.