ಹಲಗೆಯ ಮೇಲಿನ ಪ್ರೇಷಕ

ವಾಲ್ವ್ ರೇಡಿಯೋಗಳು ನಮ್ಮ ಹಿರಿಯರ ಪಡಸಾಲೆಗಳನ್ನು ಅಲಂಕರಿಸಿದ್ದ ಕಾಲವೊಂದಿತ್ತು. ಗುಂಡಿ ತಿರುಗಿಸಿದೊಡನೆ ಅವು ಮಾತನಾಡುತ್ತಿರಲಿಲ್ಲ; ಒಳಗಿನ ಗಾಜಿನ ಬುರುಡೆಗಳು ಕಾದ ಮೇಲೆಯೇ ಧ್ವನಿ ಹೊರಡುತ್ತಿತ್ತು. ಅಂತಹ ಒಂದೇ ಬುರುಡೆಯನ್ನು ನೆಚ್ಚಿ, ಕೇಳುವ ಯಂತ್ರವನ್ನಲ್ಲ, ಕಳುಹಿಸುವ ಯಂತ್ರವನ್ನೇ ಸ್ವಹಸ್ತದಿಂದ ರಚಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಇಂದಿಗೂ ಇದ್ದಾರೆ. ಅಲ್ಲಿನ ಆಂಟೀಕ್ ವೈರ್‌ಲೆಸ್ ಅಸೋಸಿಯೇಷನ್ ಇವರಿಗಾಗಿ ಡಿಸೆಂಬರಿನಲ್ಲಿ ಒಂದು ಕೂಟ ನಡೆಸುತ್ತದೆ. ೧೯೨೯ ಅಥವಾ ಅದಕ್ಕೂ ಹಿಂದಿನ ಮಾದರಿಯ ಪ್ರೇಷಕಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಕೂಟವೆಂದರೆ ಒಂದೆಡೆ ಸೇರುವುದಲ್ಲ; ತಂತಮ್ಮ ಮನೆಯಲ್ಲಿ ಕುಳಿತೇ ಮೋರ್ಸ್ ಸಂಕೇತಗಳಲ್ಲಿ ಸಂಭಾಷಿಸುವುದು.

೧೯೨೯ಕ್ಕೆ ರೇಡಿಯೋ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ೧೯೨೭ರ ವಾಷಿಂಗ್ಟನ್ ಸಮ್ಮೇಳನದ ನಿಯಮಗಳು ಆ ವರ್ಷದ ಜನವರಿ ೧ರಂದು ಜಾರಿಗೆ ಬಂದವು. ಅಮೆರಿಕದ ಹವ್ಯಾಸಿಗಳಿಗೆ ೭೦೦೦ದಿಂದ ೮೦೦೦ ಕಿಲೋಸೈಕಲ್‌ವರೆಗೆ ಇದ್ದ ೪೦ ಮೀಟರ್ ಪಟ್ಟಿ ೭೩೦೦ಕ್ಕೇ ನಿಂತಿತು. ಹೆದ್ದಾರಿ ಓಣಿಯಾಯಿತು. ಅತ್ತಿತ್ತ ಅಲೆಯುವ ಸಂಕೇತದಿಂದ ನೆರೆಯವನಿಗೆ ತೊಂದರೆ ತಪ್ಪದೆಂಬ ಪರಿಸ್ಥಿತಿ ಒದಗಿತು.

ಅಂದಿನ ಪ್ರೇಷಕಗಳೋ ಅಲೆಯುವ ಸ್ವಭಾವದವೇ. ೧೯೧೫ರಲ್ಲಿ ರಾಲ್ಫ್ ಹಾರ್ಟ್ಲಿ ರೂಪಿಸಿದ ಮಂಡಲವನ್ನು ನೋಡೋಣ. ಮರದ ಹಲಗೆಯ ಮೇಲೆ ಒಂದು ಸುರುಳಿ, ಒಂದು ಕೆಪಾಸಿಟರ್, ಒಂದು ವಾಲ್ವ್. ವಾಲ್ವಿನಿಂದ ಹೊರಟ ಶಕ್ತಿಯ ಅಲ್ಪಭಾಗ ಸುರುಳಿಯ ಮೂಲಕ ಮರಳಿ ವಾಲ್ವಿಗೇ ಸೇರುತ್ತದೆ. ತೊಟ್ಟಿಲನ್ನು ಹದವರಿತು ಮತ್ತೆ ಮತ್ತೆ ತಳ್ಳಿದಂತೆ ಕಂಪನ ನಿಲ್ಲದೆ ಸಾಗುತ್ತದೆ. ಆದರೆ ಕೀಲಿ ಒತ್ತಿದೊಡನೆ ವೋಲ್ಟೇಜು ಕುಸಿದರೆ ಸ್ವರ ಹಕ್ಕಿಯ ಚಿಲಿಪಿಲಿಯಂತೆ ಜಾರುತ್ತದೆ. ಏರಿಯಲ್ ನೇರವಾಗಿ ಈ ಮಂಡಲಕ್ಕೇ ತಗುಲಿಕೊಂಡಿರುವುದರಿಂದ ಗಾಳಿಗೆ ತಂತಿ ತೂಗಿದರೆ ಸ್ವರವೂ ತೂಗುತ್ತದೆ. ದೂರದಲ್ಲಿ ಕಿವಿಗೊಟ್ಟವನು, ಕಳುಹಿಸುವವನ ಮನೆಯ ಮೇಲೆ ಗಾಳಿ ಬೀಸುತ್ತಿದೆಯೆಂದು ಊಹಿಸಬಲ್ಲ!

ಇದಕ್ಕೆ ಅಂದಿನವರು ಕಂಡುಕೊಂಡ ಪರಿಹಾರ ಸೊಗಸಾದುದು. ಸುರುಳಿಯ ಸುತ್ತುಗಳನ್ನು ತಗ್ಗಿಸಿ ಕೆಪಾಸಿಟರನ್ನು ಹಿರಿದು ಮಾಡಿದರು. ಆಗ ವಾಲ್ವಿನೊಳಗಿನ ಏರುಪೇರು ಆವರ್ತವನ್ನು ಅಷ್ಟಾಗಿ ಕದಲಿಸದು. ಆ ಜೋಡಿಯಲ್ಲಿ ಸುತ್ತುವ ವಿದ್ಯುತ್ತು ಅಧಿಕ. ತೆಳುತಂತಿ ಕಾದು ಹಿಗ್ಗೀತೆಂದು ತಾಮ್ರದ ಕೊಳವೆಯನ್ನೇ ಸುರುಳಿಯಾಗಿ ಬಗ್ಗಿಸಿದರು. ಏರಿಯಲ್ಲಿನ ಸುರುಳಿಯನ್ನು ತುಸು ದೂರ ಸರಿಸಿದರೆ ಹೊರಹೋಗುವ ಶಕ್ತಿ ಕುಗ್ಗುತ್ತದೆ, ಸ್ವರ ಮಾತ್ರ ನೆಟ್ಟಗಾಗುತ್ತದೆ. ಎಷ್ಟು ಸರಿಸಬೇಕೆಂಬುದನ್ನು ಕಿವಿಯೇ ನಿರ್ಣಯಿಸಬೇಕು. ಹರಳಿನಿಂದ ಆವರ್ತವನ್ನು ಬಿಗಿದಿಟ್ಟ ಪ್ರೇಷಕಗಳು ಇದಕ್ಕಿಂತ ಸ್ಥಿರವೆಂಬುದು ನಿಜ; ಆದರೆ ಕಿವಿಗೆ ಈ ಅಭ್ಯಾಸ ಅವುಗಳಿಂದ ದೊರೆಯದೆಂಬುದು ನಮ್ಮ ಅಭಿಪ್ರಾಯ.

ನಮ್ಮ ತರುಣರಲ್ಲಿ ಯಾರಿಗಾದರೂ ಇದರಲ್ಲಿ ಆಸಕ್ತಿ ಹುಟ್ಟಿದರೆ ಸಂತೋಷವೇ. ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿ ಪಡೆಯದೆ ಪ್ರೇಷಕವನ್ನು ನಡೆಸುವಂತಿಲ್ಲ. ಇನ್ನೊಂದು ಮಾತನ್ನು ಮನೆಯ ಹಿರಿಯರು ಗಮನಿಸಬೇಕು. ಈ ಯಂತ್ರಗಳಿಗೆ ಮುಚ್ಚಳವಿಲ್ಲ. ಕೆಲವು ರಚನೆಗಳಲ್ಲಿ ಹೊಳೆಯುವ ಆ ತಾಮ್ರದ ಸುರುಳಿಯ ಮೇಲೆಯೇ ನೂರಾರು ವೋಲ್ಟುಗಳಿರುತ್ತವೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕ ವಿದ್ಯುತ್ತು ಉಳಿದಿರಬಹುದು. ಅದನ್ನು ತಾನಾಗಿ ಬರಿದುಮಾಡುವ ರೆಸಿಸ್ಟರನ್ನು ಜೋಡಿಸಿರಬೇಕು. ಬರಿದಾಯಿತೆಂದು ಮೀಟರಿನಿಂದ ಅಳೆದು ನೋಡುವವರೆಗೆ ಹಲಗೆಯನ್ನು ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.